ಒಂದೇ ಬಣ್ಣದ ಮನೆ

ಜೂನ್ 3, ಸೋಮವಾರ

ನಿವೃತ್ತನಾಗಿ ಮೂರು ದಿನವಾಯಿತು. ಮೂವತ್ತನಾಲ್ಕು ವರ್ಷ ಬಸ್ ಡಿಪೋದಲ್ಲಿ ಬಿಡಿಭಾಗಗಳ ಸ್ಟೋರ್ ನೋಡಿಕೊಂಡವನು ನಾನು. ಹಗಲು ಹೊತ್ತಿನಲ್ಲಿ ಸುಮ್ಮನೆ ಕುಳಿತು ನನ್ನ ಮನೆಯನ್ನು ನೋಡಿದ್ದು ಇದೇ ಮೊದಲು. ನೋಡಿದರೆ ಇದು ಮನೆಯಲ್ಲ, ಗುಜರಿ ಅಂಗಡಿ.

ಹಾಲಿನ ಗೋಡೆಯ ಬಣ್ಣ ಮೂಲೆಯಲ್ಲಿ ಹಪ್ಪಳದ ಹಾಗೆ ಎದ್ದಿದೆ. ಬಾಗಿಲ ಚೌಕಟ್ಟುಗಳಿಗೆ ಯಾವ ಕಾಲದಲ್ಲೋ ಬಳಿದ ಕಪ್ಪುಗಂದು ಬಣ್ಣ. ಅಡುಗೆ ಮನೆಯಿಂದ ಹಾಲಿನವರೆಗೆ ಗೋಡೆಗೆ ಆತುಕೊಂಡು ಹೊಲಿಗೆ ಯಂತ್ರ, ಸ್ಟೂಲು, ಹಳೆಯ ಮೇಜು, ಪುಸ್ತಕದ ಪೆಟ್ಟಿಗೆ, ಟಿಕೆಟ್ಟಿಗೆ ಸರದಿ ನಿಂತವರ ಹಾಗೆ ಒಂದರ ಹಿಂದೆ ಒಂದು. ಅಡುಗೆ ಮನೆಯ ಹಲಗೆಯ ಮೇಲೆ ಒಂದಕ್ಕೊಂದು ಸಂಬಂಧವಿಲ್ಲದ ಡಬ್ಬಗಳು. ಒಂದು ಬಿಸ್ಕತ್ತಿನದು, ಒಂದು ಹಾಲಿನ ಪುಡಿಯದು, ಒಂದು ಜಜ್ಜಿಹೋದದ್ದು, ಇನ್ನೊಂದರ ಮುಚ್ಚಳ ಬೇರೆಯದರದು.

ಎಲ್ಲವನ್ನೂ ಹೊಸದು ಮಾಡಬೇಕು. ಕೂಡಿಟ್ಟ ದುಡ್ಡಿಗೆ ಕೈ ಹಾಕದೆ, ಆಳು ಹಿಡಿಯದೆ, ನನ್ನ ಕೈಯಿಂದಲೇ.

ಇವಳಿಗೆ ಹೇಳಿದೆ. ಹೊಲಿಯುತ್ತಿದ್ದವಳು ತಲೆ ಎತ್ತಲಿಲ್ಲ. "ರೀ, ಇದ್ದದ್ದು ಇದ್ದ ಹಾಗೇ ಇರಲಿ ಬಿಡಿ. ಯಾರು ಬಂದು ಸರ್ಟಿಫಿಕೇಟ್ ಕೊಡಬೇಕು?" ಅಂದಳು.

"ಒಂದು ವಾರ ಕೊಡು. ಆಮೇಲೆ ಮಾತಾಡು" ಅಂದೆ.

ಜೂನ್ 5, ಬುಧವಾರ

ಬೆಳಿಗ್ಗೆ ಎಂದಿನಂತೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿದೆ. ಎರಡು ವರ್ಷದಿಂದ ಇದು ನಮ್ಮ ಪದ್ಧತಿ. "ನೀವು ಓದಿದ್ರೆ ಸುದ್ದಿ ಚೆನ್ನಾಗಿ ತಲೆಗೆ ಹೋಗುತ್ತೆ, ನಿಮ್ಮ ದನಿ ರೇಡಿಯೋದವರ ಹಾಗಿದೆ" ಎಂದು ಇವಳೇ ಶುರು ಮಾಡಿಸಿದ್ದು. ಆಗ ಡಿಪೋಗೆ ಹೊರಡುವ ಮುಂಚೆ ತಲೆಬರಹಗಳಷ್ಟೇ. ಈಗ ಸಂಪಾದಕೀಯವೂ ಸೇರಿದೆ.

ಪುರವಣಿಯಲ್ಲಿ ಕಡಿಮೆ ಖರ್ಚಿನಲ್ಲಿ ಮನೆಗೆ ಹೊಸ ಕಳೆ ತರುವ ಬಗ್ಗೆ ಬರೆದಿದ್ದರು. ಗೋಡೆ, ಬಾಗಿಲು, ಚೌಕಟ್ಟು ಎಲ್ಲಕ್ಕೂ ಒಂದೇ ತಿಳಿ ಬಣ್ಣ ಹೊಡೆದರೆ ಸಣ್ಣ ಮನೆ ದೊಡ್ಡದಾಗಿ ಕಾಣುತ್ತದಂತೆ. ಕತ್ತರಿಸಿ ಇಟ್ಟುಕೊಂಡೆ.

ಪೇಂಟ್ ಅಂಗಡಿಗೆ ಹೋದೆ. ಬೆರೆಸುವಾಗ ಹದ ತಪ್ಪಿ ಗಿರಾಕಿಗಳು ಬೇಡವೆಂದು ಬಿಟ್ಟುಹೋದ ಡಬ್ಬಗಳನ್ನು ಅಂಗಡಿಯವನು ಹಿಂದಿನ ಕೋಣೆಯಲ್ಲಿ ಗುಡ್ಡೆ ಹಾಕಿದ್ದಾನೆ. ಅದರಲ್ಲಿ ಕೆನೆ ಬಣ್ಣದ್ದು ನಾಲ್ಕು ಸಿಕ್ಕವು. ಅರ್ಧ ಬೆಲೆ.

"ನಾಲ್ಕೂ ಒಂದೇ ಅಲ್ಲ ಸಾರ್. ಒಂದು ಸ್ವಲ್ಪ ಹಳದಿ, ಒಂದು ಸ್ವಲ್ಪ ಬಿಳಿ" ಅಂದ.

"ಒಂದು ಡ್ರಮ್ಮಿಗೆ ಸುರಿದು ಕಲಸಿದರೆ ಒಂದೇ ಆಗುತ್ತೆ" ಅಂದೆ.

"ಸಾರ್, ನೀವು ನಮ್ಮ ಹೊಟ್ಟೆ ಮೇಲೆ ಹೊಡೀತೀರಿ" ಎಂದು ನಕ್ಕ.

ಜೂನ್ 9, ಭಾನುವಾರ

ನಾಲ್ಕು ದಿನದ ಕೆಲಸ. ಕೆರೆದೆ, ಉಜ್ಜಿದೆ, ಬಿರುಕಿಗೆ ಪುಟ್ಟಿ ತುಂಬಿದೆ, ಎರಡು ಕೈ ಬಣ್ಣ ಹೊಡೆದೆ. ಗೋಡೆ, ಬಾಗಿಲು, ಚೌಕಟ್ಟು, ಸ್ವಿಚ್ ಬೋರ್ಡಿನ ಮರ, ಎಲ್ಲವೂ ಕೆನೆ. ಉಳಿದದ್ದನ್ನು ಹಾಳು ಮಾಡುವುದೇಕೆಂದು ಹಿತ್ತಲಿಗೆ ಇಳಿಯುವ ಎರಡು ಮೆಟ್ಟಿಲಿಗೂ ಬಳಿದೆ. ಸೊಂಟ ಹಿಡಿದಿದೆ, ಆದರೆ ಮನೆ ನಿಜಕ್ಕೂ ಅಗಲವಾಗಿ ಕಾಣುತ್ತಿದೆ.

ಸಾಮಾನುಗಳ ಸರದಿಯನ್ನೂ ಒಡೆದೆ. ಹೊಲಿಗೆ ಯಂತ್ರ ಕಿಟಕಿಯ ಕೆಳಗೆ, ಮೇಜು ಹಾಲಿನ ನಡುವೆ, ಪುಸ್ತಕದ ಪೆಟ್ಟಿಗೆಗೆ ಹಳೆಯ ಹೊದಿಕೆ ಹೊಲಿಸಿ ಕೂರುವ ಆಸನ. ಹಳೆಯ ಬೆಡ್‌ಶೀಟುಗಳು ಪರದೆಯಾದವು. ಹೊದಿಕೆ, ಪರದೆ ಎರಡನ್ನೂ ಹೊಲಿದವಳು ಇವಳೇ. ಅಂಚು ಒಂದು ಕಡೆ ಸೊಟ್ಟಗಿದೆ. ಹೇಳಲಿಲ್ಲ.

"ಹೇಗಿದೆ?" ಎಂದೆ.

ಹಾಲಿನ ನಡುವೆ ನಿಂತು ಸುಮಾರು ಹೊತ್ತು ತಿರುಗಿ ನೋಡಿದಳು. "ಚೆನ್ನಾಗಿದೆ. ಬಿಳೀ ಅಂದ್ರೆ ಬಿಳೀ" ಅಂದಳು.

"ಬಿಳಿ ಅಲ್ಲ, ಕೆನೆ."

"ಅದೇ."

ಇಷ್ಟು ದುಡಿದದ್ದಕ್ಕೆ ಇಷ್ಟೇ.

ಜೂನ್ 11, ಮಂಗಳವಾರ

ಅಡುಗೆ ಮನೆ ಮುಗಿಯಿತು. ಇದು ನನ್ನ ಹೆಮ್ಮೆಯ ಕೆಲಸ. ಔಷಧಿ ಅಂಗಡಿಯವರು ಎಸೆಯಲಿದ್ದ ಇಪ್ಪತ್ನಾಲ್ಕು ಪ್ಲಾಸ್ಟಿಕ್ ಬಾಟಲಿ ಪುಕ್ಕಟೆ ಸಿಕ್ಕವು. ಒಂದೇ ಗಾತ್ರ, ಒಂದೇ ಮುಚ್ಚಳ. ಕುದಿನೀರಲ್ಲಿ ತೊಳೆದು, ಒಣಗಿಸಿ, ಒಂದೊಂದರ ಮೇಲೂ ಚೀಟಿ ಅಂಟಿಸಿದೆ. ಉಪ್ಪು, ಸಕ್ಕರೆ, ಅಕ್ಕಿ ಹಿಟ್ಟು, ಸಾಸಿವೆ. ಮೂರು ಸಾಲು, ಎಂಟೆಂಟು, ಅಕಾರಾದಿಯಲ್ಲಿ. ಡಿಪೋದಲ್ಲಿ ಹನ್ನೆರಡು ಸಾವಿರ ಬಿಡಿಭಾಗ ಹೀಗೇ ಇಟ್ಟಿದ್ದೆ. ನನ್ನ ರಜೆಯಲ್ಲಿ ಬಂದ ಹೊಸಬ ಕೂಡ ಕೇಳದೆ ತೆಗೆದುಕೊಡುತ್ತಿದ್ದ.

ಹಳೆಯ ಡಬ್ಬಗಳನ್ನು ಗುಜರಿಯವನಿಗೆ ಕೊಟ್ಟೆ.

ಇವಳು ಅಂಗಡಿಯಿಂದ ಬಂದು ಹಲಗೆಯ ಮೇಲೆ ಕೈ ಆಡಿಸಿದಳು. ಒಂದು ಬಾಟಲಿ ಮುಟ್ಟಿದಳು, ಪಕ್ಕದ್ದು ಮುಟ್ಟಿದಳು, ಅದರ ಪಕ್ಕದ್ದನ್ನೂ ಮುಟ್ಟಿದಳು.

"ನನ್ನ ಡಬ್ಬಗಳೆಲ್ಲಿ?"

"ಅವೆಲ್ಲಾ ಹೋದವು. ಈಗ ಓದಿಕೊಂಡರೆ ಆಯ್ತು."

ತಂದ ಚೀಲವನ್ನು ನೆಲದ ಮೇಲೇ ಬಿಟ್ಟು ಹಿತ್ತಲಿಗೆ ಹೋದಳು. ಜಜ್ಜಿಹೋದ ಡಬ್ಬಕ್ಕೆ ಇಷ್ಟು ದುಃಖ ಪಡುವ ಹೆಂಗಸನ್ನು ನಾನು ನೋಡಿಲ್ಲ.

ಜೂನ್ 12, ಬುಧವಾರ

ಚಹಾಕ್ಕೆ ಉಪ್ಪು. ಉಗುಳಿದೆ. "ಚೀಟಿ ಇದೆಯಲ್ಲೇ!" ಎಂದರೆ "ಕೈ ತಪ್ಪಿತು" ಅಂದಳು. ಮಧ್ಯಾಹ್ನ ನೋಡುತ್ತೇನೆ, ಒಂದೊಂದೇ ಬಾಟಲಿಯನ್ನು ಕಿಟಕಿಯ ಹತ್ತಿರ ಒಯ್ದು, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದುತ್ತಿದ್ದಾಳೆ. ಅಂದರೆ ನಿಮ್ಮ ಏರ್ಪಾಡಿನಿಂದ ನನಗೆಷ್ಟು ಕಷ್ಟ ನೋಡಿ ಎಂದು ನನಗೆ ತೋರಿಸುವುದು. ನನಗೂ ಅರ್ಥವಾಗುತ್ತದೆ.

ಜೂನ್ 14, ಶುಕ್ರವಾರ

ಹಟ ಇಳಿಯುತ್ತಿಲ್ಲ. ನಿನ್ನೆ ಮೇಜಿಗೆ ತೊಡೆ ತಾಗಿಸಿಕೊಂಡು ಎರಡು ಗಾಜಿನ ಲೋಟ ಒಡೆದಳು. ಇವತ್ತು ಮಲಗುವ ಕೋಣೆಯ ಬಾಗಿಲಂಚಿಗೆ ಭುಜ ಗುದ್ದಿಸಿಕೊಂಡಳು. ಮೂವತ್ತು ವರ್ಷದಿಂದ ಅದೇ ಬಾಗಿಲು, ಅಲ್ಲೇ ಇದೆ, ನಾನೇನೂ ಅದನ್ನು ಜರುಗಿಸಿಲ್ಲ. ಬಣ್ಣ ಬದಲಾದ ಮಾತ್ರಕ್ಕೆ ಬಾಗಿಲು ಗುದ್ದುತ್ತದೆಯೆ? ರೇಗಿಹೋಯಿತು.

"ಕಣ್ಣೇನು ಹಣೆ ಮೇಲಿದೆಯಾ?" ಎಂದೆ.

ತಿರುಗಿ ಏನಾದರೂ ಅಂದಿದ್ದರೆ ಸಮಾಧಾನವಾಗುತ್ತಿತ್ತು. ಇವಳು ಎದುರು ಮಾತಾಡದೆ ಬಿಟ್ಟವಳಲ್ಲ. ಇವತ್ತು ಸುಮ್ಮನೆ ಭುಜ ಉಜ್ಜಿಕೊಳ್ಳುತ್ತಾ ನಿಂತಳು.

ಮಗಳಿಗೆ ಫೋನಿನಲ್ಲಿ ದೂರು ಹೇಳಿದೆ. "ಅಪ್ಪ, ಅದು ಅಮ್ಮನ ಅಡುಗೆ ಮನೆ. ನಿಮ್ಮ ಡಿಪೋ ಅಲ್ಲ" ಎಂದು ನಕ್ಕಳು. ಹೆಣ್ಣುಮಕ್ಕಳು ಯಾವಾಗಲೂ ತಾಯಿಯ ಪಾರ್ಟಿ.

ಜೂನ್ 17, ಸೋಮವಾರ

ಬೆಳಿಗ್ಗೆ ಒಂಬತ್ತೂವರೆಗೆ ಹಿತ್ತಲಿನ ಮೆಟ್ಟಿಲ ಮೇಲಿಂದ ಬಿದ್ದಳು. ಕೈಯಲ್ಲಿ ಒಗೆದ ಬಟ್ಟೆಯ ಬಕೆಟ್ಟಿತ್ತು. ಅಂದಕ್ಕೆಂದು ಶನಿವಾರ ಮೆಟ್ಟಿಲ ಎರಡೂ ಬದಿಗೆ ಹೂಕುಂಡ ಇಟ್ಟಿದ್ದೆ. ಒಂದು ಒಡೆದಿದೆ. ಎಡಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿದೆ. ಪ್ಲಾಸ್ಟರ್ ಹಾಕಿದ್ದಾರೆ, ನಾಲ್ಕು ವಾರ.

ಇಷ್ಟೇ ಆಗಿದ್ದರೆ ಇಷ್ಟೇ ಬರೆದು ಮುಗಿಸುತ್ತಿದ್ದೆ.

ಪ್ಲಾಸ್ಟರ್ ಹಾಕಿದ ಮೇಲೆ ಮೂಳೆ ಡಾಕ್ಟರು ಒಂದು ಕಾಗದ ಮುಂದಿಟ್ಟು, ಸಹಿ ಮಾಡಿ ಎಂದು ಬಲಗಡೆಯಿಂದ ಪೆನ್ನು ಚಾಚಿದರು. ಇವಳು ತೆಗೆದುಕೊಳ್ಳಲಿಲ್ಲ. ಡಾಕ್ಟರು ಪೆನ್ನನ್ನು ಸ್ವಲ್ಪ ಅಲ್ಲಾಡಿಸಿದರು. ಇವಳು ಕಾಗದವನ್ನೇ ನೋಡುತ್ತಾ "ಪೆನ್ನು ಕೊಡಿ" ಅಂದಳು. ಪೆನ್ನು ಅವಳ ಕಿವಿಯಿಂದ ಒಂದು ಗೇಣು ದೂರದಲ್ಲಿತ್ತು.

ಡಾಕ್ಟರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ.

"ಇವರಿಗೆ ಕಣ್ಣು ಯಾವಾಗಿನಿಂದ ಹೀಗೆ?"

"ಹೀಗೆ ಅಂದ್ರೆ?" ಎಂದೆ.

ನಾಳೆ ಕಣ್ಣಿನ ವಿಭಾಗಕ್ಕೆ ಹೋಗಬೇಕು.

ಜೂನ್ 18, ಮಂಗಳವಾರ

ಗ್ಲಾಕೋಮಾ. ಕಣ್ಣಿನೊಳಗೆ ಒತ್ತಡ ಏರಿ ನರ ಒಣಗುತ್ತಾ ಬರುವ ಕಾಯಿಲೆ. ನೋವಿರುವುದಿಲ್ಲ. ಅಂಚಿನಿಂದ ಶುರುವಾಗಿ ಒಳಗೊಳಗೆ ಬರುತ್ತದೆ. ಬಲಗಣ್ಣಿನಲ್ಲಿ ಏನೂ ಉಳಿದಿಲ್ಲ. ಎಡಗಣ್ಣಿನಲ್ಲಿ ನಡುವೆ ಒಂದು ತೂತಿನಷ್ಟು ಉಳಿದಿದೆ. ಹೋದದ್ದು ಬರುವುದಿಲ್ಲ. ಉಳಿದದ್ದನ್ನು ದಿನಕ್ಕೆ ಮೂರು ಸಲ ಹನಿ ಹಾಕಿ ಉಳಿಸಿಕೊಳ್ಳಬಹುದು. ತಪ್ಪಿಸಿದರೆ ಅದೂ ಹೋಗುತ್ತದೆ. ಇವು ಡಾಕ್ಟರಮ್ಮ ಹೇಳಿದ ವಿಷಯಗಳು.

ನಾನು ನಂಬಲಿಲ್ಲ. "ಮೇಡಂ, ಇವಳು ಮನೆ ತುಂಬಾ ಓಡಾಡ್ತಾಳೆ, ಅಡುಗೆ ಮಾಡ್ತಾಳೆ, ಹೊಲೀತಾಳೆ" ಅಂದೆ.

ಅವರು ಮೇಜಿನ ಮೇಲಿದ್ದ ಹಳೆಯ ಚೀಟಿಯನ್ನು ಪೆನ್ಸಿಲಿನಷ್ಟು ಸಣ್ಣಗೆ ಸುರುಳಿ ಸುತ್ತಿದರು. "ಒಂದು ಕಣ್ಣು ಮುಚ್ಚಿ, ಇದರಲ್ಲಿ ನೋಡುತ್ತಾ ಬಾಗಿಲವರೆಗೂ ಹೋಗಿ ಬನ್ನಿ" ಅಂದರು.

ನೋಡಿದೆ. ಡಾಕ್ಟರಮ್ಮನ ಮೂಗು ಕಂಡಿತು. ಮೂಗು ಬಿಟ್ಟರೆ ಮೇಡಂ ಇಲ್ಲ, ಮೇಜಿಲ್ಲ, ಕೋಣೆಯೇ ಇಲ್ಲ. ತಿರುಗಿ ಎರಡು ಹೆಜ್ಜೆ ಇಟ್ಟೆ. ಮೂರನೆಯದಕ್ಕೆ ಕುರ್ಚಿಗೆ ಮಂಡಿ ಬಡಿದು ನಿಂತೆ.

"ನಿಮ್ಮ ಮನೆಯವರು ಸುಮಾರು ಎರಡು ವರ್ಷದಿಂದ ಇಂಥದ್ದರಲ್ಲೇ ನಿಮಗೆ ಅಡುಗೆ ಮಾಡಿ ಹಾಕ್ತಿದ್ದಾರೆ" ಅಂದರು.

ಇವಳು ಪಕ್ಕದಲ್ಲೇ ಕೂತಿದ್ದಳು. ತಲೆ ತಗ್ಗಿಸಿ ಪ್ಲಾಸ್ಟರಿನ ಅಂಚಿನ ದಾರ ಕೀಳುತ್ತಿದ್ದಳು, ಕದ್ದು ಸಿಕ್ಕಿಬಿದ್ದ ಮಗುವಿನ ಹಾಗೆ.

ಜೂನ್ 19, ಬುಧವಾರ

ಏನು ಬರೆಯಬೇಕೋ ತಿಳಿಯುತ್ತಿಲ್ಲ. ಹನಿ: ಬೆಳಿಗ್ಗೆ 6, ಮಧ್ಯಾಹ್ನ 2, ಸಂಜೆ 7. ಮೂರೂ ಆಯಿತು.

ಜೂನ್ 20, ಗುರುವಾರ

ಇವತ್ತು ಕೇಳಿದೆ. "ಹೇಗೆ ಮಾಡ್ತಿದ್ದೆ?"

"ಏನು ಹೇಗೆ?"

"ಎಲ್ಲಾ."

ಮೊದಲು ಮಾತು ಹಾರಿಸಿದಳು. ಆಮೇಲೆ ಒಂದೊಂದೇ ಹೇಳಿದಳು.

ಅಡುಗೆ ಮನೆಯಿಂದ ಹಾಲಿಗೆ ಹನ್ನೊಂದು ಹೆಜ್ಜೆಯಂತೆ. ನಾಲ್ಕನೇ ಹೆಜ್ಜೆಗೆ ಕೈಗೆ ಹೊಲಿಗೆ ಯಂತ್ರ ಸಿಗಬೇಕು, ಆರಕ್ಕೆ ಸ್ಟೂಲು, ಒಂಬತ್ತಕ್ಕೆ ಮೇಜಿನ ಮೂಲೆ. ಸರದಿ ನಿಂತ ಹಾಗಿದೆ ಎಂದು ನಾನು ನಕ್ಕ ಸಾಮಾನುಗಳನ್ನು ಒಂದೊಂದಾಗಿ ಆ ಜಾಗಕ್ಕೆ ತಂದು ನಿಲ್ಲಿಸಿದವಳು ಇವಳೇ. ನಾನು ಡಿಪೋದಲ್ಲಿದ್ದಾಗ, ದಿನಕ್ಕೆ ಒಂದಿಷ್ಟು. ಬಾಗಿಲು ಎಲ್ಲಿ ಎಂದು ಹೇಳುತ್ತಿದ್ದದ್ದು ಗೋಡೆಯ ನಡುವಿನ ಕಪ್ಪು ಚೌಕಟ್ಟು. ಸಕ್ಕರೆ ಬಿಸ್ಕತ್ತಿನ ಡಬ್ಬ, ಉಪ್ಪು ಜಜ್ಜಿದ್ದು. ಅದನ್ನು ಬೇಕೆಂದೇ ಒನಕೆಯಿಂದ ಜಜ್ಜಿದ್ದಳಂತೆ.

"ಬೇಕಂತಲೇ?"

"ಇಲ್ಲಾಂದ್ರೆ ಎರಡೂ ಒಂದೇ ಥರ ಇದ್ವಲ್ಲ."

ನಾನು ಇಪ್ಪತ್ನಾಲ್ಕು ಬಾಟಲಿಗಳನ್ನು ನೋಡಿದೆ. ಒಂದೇ ಗಾತ್ರ, ಒಂದೇ ಮುಚ್ಚಳ.

"ಪತ್ರಿಕೆ?" ಎಂದೆ. ಕೇಳಬಾರದಿತ್ತು.

"ಅಕ್ಷರ ಸಿಗ್ತಿರಲಿಲ್ಲ. ಒಂದು ಪದ ಸಿಕ್ಕರೆ ಪಕ್ಕದ್ದು ಓಡಿಹೋಗ್ತಿತ್ತು."

"ಹಾಗಾದರೆ ನನ್ನ ದನಿ..."

"ದನಿ ಚೆನ್ನಾಗೇ ಇದೆ ಮಾರಾಯರೇ. ಸಂಪಾದಕೀಯ ಒಂದು ಬಿಟ್ಟರೆ." ಸೋಮವಾರದಿಂದ ಮೊದಲ ಸಲ ನಕ್ಕಳು.

ನನಗೆ ನಗು ಬರಲಿಲ್ಲ. "ನನಗೆ ಯಾಕೆ ಹೇಳಲಿಲ್ಲ?" ಎಂದೆ.

"ಹೇಳಿದ್ದೆ."

"ಯಾವಾಗ?"

"ಬಿಡಿ. ಈಗ್ಯಾಕೆ?"

ಹೇಳಿಲ್ಲ. ಹೇಳಿದ್ದರೆ ನನಗೆ ನೆನಪಿರುತ್ತಿತ್ತು. ನಾನು ಯಾವುದನ್ನೂ ಮರೆಯುವವನಲ್ಲ.

ಜೂನ್ 22, ಶನಿವಾರ

ಹಳೆಯ ದಿನಚರಿಗಳನ್ನು ಅಟ್ಟದಿಂದ ಇಳಿಸಿದೆ. ಇವಳು ಹೇಳಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕಿತ್ತು. ಬೆಳಿಗ್ಗೆಯಿಂದ ಹುಡುಕಿದೆ. ಮೂರು ಗಂಟೆಗೆ ಸಿಕ್ಕಿತು. ಎರಡು ವರ್ಷ ಎಂಟು ತಿಂಗಳ ಹಿಂದಿನ ಪುಟ. ಇದ್ದದ್ದನ್ನು ಇದ್ದ ಹಾಗೇ ಇಳಿಸಿಕೊಳ್ಳುತ್ತೇನೆ.

"ಅಕ್ಟೋಬರ್ 11. ವರ್ಷದ ತಪಾಸಣೆ ಮುಗಿಯಿತು. ಒಂದು ಬೋಲ್ಟೂ ಕಡಿಮೆ ಇಲ್ಲ. ಮ್ಯಾನೇಜರ್ ಎಲ್ಲರೆದುರು ಹೊಗಳಿದರು. ಸಂಜೆ ಇವಳು ಬೀದಿ ದೀಪಗಳ ಸುತ್ತ ಬಳೆ ಬಳೆಯಾಗಿ ಕಾಣುತ್ತದೆ, ಪಕ್ಕದಲ್ಲಿ ಯಾರಾದರೂ ಬಂದರೆ ತಿಳಿಯುವುದಿಲ್ಲ ಅಂದಳು. ಕನ್ನಡಕ ಒರೆಸಿಕೋ ಅಂದೆ. ನಾಳೆ ಹೊಸ ಸರಕು ಬರುತ್ತದೆ."

ನನ್ನದೇ ಅಕ್ಷರ. ಮುದ್ದಾಗಿದೆ.

ಕನ್ನಡಕ ಒರೆಸಿಕೋ.

ಅವತ್ತು ಕರೆದುಕೊಂಡು ಹೋಗಿದ್ದರೆ ಎಷ್ಟು ಉಳಿಯುತ್ತಿತ್ತು ಎಂದು ಡಾಕ್ಟರಮ್ಮನಿಗೆ ಫೋನು ಮಾಡಿ ಕೇಳಿದೆ. "ಅದನ್ನು ತಿಳಿದು ಏನು ಮಾಡ್ತೀರಿ?" ಅಂದರು. ಹೇಳಿ ಎಂದೆ. "ಬಹಳ" ಅಂದರು.

ಜೂನ್ 23, ಭಾನುವಾರ

ಮಗಳಿಗೆ ಹೇಳಿದೆ. ರೈಲಿನಲ್ಲಿ ಆರು ಗಂಟೆ ದೂರದ ಊರಿನಲ್ಲಿದ್ದಾಳೆ, ಶಾಲೆಯಲ್ಲಿ ಪಾಠ ಮಾಡುತ್ತಾಳೆ.

"ಒಂದೇ ಮನೇಲಿ ಇದ್ದು ನಿಮಗೆ ಗೊತ್ತಾಗ್ಲಿಲ್ವಾ ಅಪ್ಪ?"

"ಇಲ್ಲ."

"ದಿನಾ ಎದುರು ಕೂತು ಊಟ ಮಾಡ್ತೀರಿ!"

"ಹೌದು."

ಮುಂದಿನ ತಿಂಗಳು ಪ್ಲಾಸ್ಟರ್ ಬಿಚ್ಚಿದ ಮೇಲೆ ಬಂದು ಅಮ್ಮನನ್ನು ತನ್ನ ಮನೆಗೆ ಕರೆದುಕೊಂಡು ಹೋಗುತ್ತಾಳಂತೆ. ಫೋನು ಇವಳಿಗೆ ಕೊಟ್ಟೆ. ಮಗಳ ದನಿ ನನಗೂ ಕೇಳಿಸುತ್ತಿತ್ತು. "ನಮ್ಮನೇಲಿ ಆರಾಮಾಗಿ ಕೂತಿರು. ಒಂದು ಲೋಟಾನೂ ಎತ್ತಬೇಡ. ಎಲ್ಲಾ ನಾನು ನೋಡ್ಕೋತೀನಿ."

ಇವಳು "ಆಯ್ತು ಮಗಾ" ಅಂದಳು. ಫೋನು ಇಟ್ಟಮೇಲೆ ಸಂಜೆಯವರೆಗೂ ಕುರ್ಚಿಯಿಂದ ಏಳಲಿಲ್ಲ. ಹನಿ ಹಾಕಲು ಹೋದಾಗ ಅಂದಳು, "ಇದಕ್ಕೇ ಮತ್ತೆ ಹೇಳಿರಲಿಲ್ಲ. ಕೂರಿಸಿಬಿಡ್ತೀರಿ ಅಂತ."

"ನೀನು ಹೋಗ್ಬೇಕಾಗಿಲ್ಲ."

"ಇಲ್ಲಿದ್ದು ಏನು ಮಾಡಲಿ? ಈ ಮನೇನೂ ನನಗೀಗ ಗೊತ್ತಿಲ್ಲ."

ಜೂನ್ 25, ಮಂಗಳವಾರ

ಎಲ್ಲವನ್ನೂ ಮೊದಲಿದ್ದಂತೆ ಇಡುತ್ತೇನೆ ಎಂದು ಬೆಳಿಗ್ಗೆ ಹೊರಟೆ. ಹೊಲಿಗೆ ಯಂತ್ರದ ಹತ್ತಿರ ಹೋಗಿ ಎರಡೂ ಕೈಯಿಂದ ಹಿಡಿದು ನಿಂತೆ. ಅದು ಎಲ್ಲಿತ್ತೆಂದು ನನಗೆ ಗೊತ್ತಿಲ್ಲ.

ಗೋಡೆಯ ಪಕ್ಕ, ಸರಿ. ಯಾವ ಕಡೆ ಮುಖ? ಬಾಗಿಲಿಂದ ಎಷ್ಟು ದೂರ? ಸ್ಟೂಲು ಅದರ ಈಚೆಗೋ ಆಚೆಗೋ? ಹನ್ನೆರಡು ಸಾವಿರ ಬಿಡಿಭಾಗಗಳಲ್ಲಿ ಯಾವುದು ಯಾವ ಖಾನೆಯಲ್ಲಿ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಎರಡು ವರ್ಷ ದಿನಾ ನಾನು ಸುತ್ತಿಕೊಂಡು ಓಡಾಡಿದ ಸ್ಟೂಲು ಎಲ್ಲಿತ್ತೆಂದು ಗೊತ್ತಿಲ್ಲ.

ಗುಜರಿ ಅಂಗಡಿಗೆ ಓಡಿದೆ. ಡಬ್ಬಗಳನ್ನು ಅವನು ಹೋದ ವಾರವೇ ತುಳಿದು ಚಪ್ಪಟೆ ಮಾಡಿ ಲಾರಿಗೆ ಹಾಕಿದ್ದ. "ಆ ಹಳೇ ಡಬ್ಬಕ್ಕೆ ಯಾರಾದ್ರೂ ವಾಪಸ್ ಬರ್ತಾರಾ ಯಜಮಾನ್ರೇ? ಒಳಗೆ ಬಂಗಾರ ಇಟ್ಟಿದ್ರಾ?" ಎಂದು ಕೇಳಿದ.

ಬಂದು ಇವಳಿಗೆ ಹೇಳಿದೆ. ಬೈಯುತ್ತಾಳೆಂದುಕೊಂಡೆ. "ಒಂದು ಕುರ್ಚಿ ತಂದು ಹಾಲಿನ ಬಾಗಿಲಲ್ಲಿ ಹಾಕಿ" ಅಂದಳು.

ಜೂನ್ 26, ಬುಧವಾರ

ಕೊರಳಿಗೆ ಕೈ ತೂಗುಹಾಕಿಕೊಂಡು ಇವಳು ಕುರ್ಚಿಯಲ್ಲಿ. ನಾನು ಸಾಮಾನು ಹೊತ್ತು ನಿಂತಿದ್ದೇನೆ.

"ಇಲ್ಲೇನಾ?"

"ಇನ್ನೂ ಗೋಡೆಗೆ."

"ಗೋಡೆಗೇ ಇದೆ."

"ಇಲ್ಲ, ಸದ್ದು ಟೊಳ್ಳಾಗಿದೆ. ಸಂದು ಇದೆ."

ಸಂದು ಇತ್ತು. ಎರಡು ಬೆರಳು.

ಎದ್ದು ನಡೆದು ನೋಡುತ್ತಾಳೆ, ಕೈ ಬೀಸುತ್ತಾಳೆ, ಸಿಗದಿದ್ದರೆ ತಲೆಯಾಡಿಸುತ್ತಾಳೆ. ಹೊಲಿಗೆ ಯಂತ್ರವನ್ನು ಇವತ್ತು ಏಳು ಸಲ ಜರುಗಿಸಿದೆ. "ಡಿಪೋದಲ್ಲಿ ಇಷ್ಟು ನಿಧಾನ ಆಗಿದ್ರೆ ಬಸ್ಸು ಹೊರಡ್ತಿದ್ವಾ?" ಅಂದಳು.

ಬಾಟಲಿಗಳಿಗೆ ಅವಳೇ ದಾರಿ ಹುಡುಕಿದಳು. ಉಪ್ಪಿನ ಬಾಟಲಿಯ ಕತ್ತಿಗೆ ಒಂದು ರಬ್ಬರ್ ಬ್ಯಾಂಡು, ಸಕ್ಕರೆಗೆ ಎರಡು. ಹಿಟ್ಟಿಗೆ ಹಳೆಯ ಬಟ್ಟೆಯ ಪಟ್ಟಿ. ಸಾಸಿವೆಗೆ ಏನೂ ಬೇಡ, ಅಲ್ಲಾಡಿಸಿದರೆ ಗೊತ್ತಾಗುತ್ತದೆ. ಇಪ್ಪತ್ನಾಲ್ಕರಲ್ಲಿ ಒಂಬತ್ತು ಸಾಕು, ಉಳಿದದ್ದು ತೆಗೆಯಿರಿ ಅಂದಳು. ಅಕಾರಾದಿಯೂ ಹೋಯಿತು. ದಿನಾ ಬೇಕಾದದ್ದು ಕೈಗೆ ಹತ್ತಿರ, ವಾರಕ್ಕೊಮ್ಮೆ ಬೇಕಾದದ್ದು ದೂರ. ಯೋಚಿಸಿದರೆ ಸ್ಟೋರಿನಲ್ಲೂ ಹೀಗೇ ಇಡಬೇಕಿತ್ತು.

ಜುಲೈ 2, ಮಂಗಳವಾರ

ಪೇಂಟ್ ಅಂಗಡಿಯಲ್ಲಿ ಕಪ್ಪುಗಂದು ಡಬ್ಬ ಕೇಳಿದೆ. "ಮೊನ್ನೆ ತಾನೇ ಎಲ್ಲಾ ಒಂದೇ ಬಣ್ಣ ಅಂತಿದ್ರಿ. ಮನೆಯವರು ಬೈದ್ರಾ?"

"ಹೌದು" ಅಂದೆ.

ಚೌಕಟ್ಟುಗಳೆಲ್ಲ ಮತ್ತೆ ಕಪ್ಪುಗಂದು. ಗೋಡೆಯ ತಿಳಿ ಬಣ್ಣದ ನಡುವೆ ಈಗ ಮೊದಲಿಗಿಂತ ಚೆನ್ನಾಗಿ ಸಿಗುತ್ತದೆಯಂತೆ. ಸ್ವಿಚ್ ಬೋರ್ಡುಗಳ ಸುತ್ತಲೂ ಒಂದು ಪಟ್ಟಿ. ಹಿತ್ತಲಿನ ಮೆಟ್ಟಿಲಿನ ಅಂಚಿಗೆ ಇವಳನ್ನು ನಿಲ್ಲಿಸಿಕೊಂಡೇ ಬಳಿದೆ, ಕಾಣುತ್ತದೆ ಎನ್ನುವವರೆಗೆ. ಹೂಕುಂಡಗಳು ಬೇಲಿಯ ಆಚೆಗೆ.

ಬಾಗಿಲುಗಳನ್ನು ಪೂರ್ತಿ ತೆರೆದಿಡಬೇಕು ಇಲ್ಲವೇ ಪೂರ್ತಿ ಮುಚ್ಚಿಡಬೇಕು. ಅರ್ಧ ತೆರೆದ ಬಾಗಿಲೇ ಶತ್ರು. ಇವತ್ತು ನಾನು ಎರಡು ಸಲ ಅರ್ಧ ಬಿಟ್ಟೆ. ಎರಡು ಸಲವೂ ಬೈಸಿಕೊಂಡೆ. ಬೈಗುಳಕ್ಕೆ ಮೊದಲಿನ ಖಾರ ಬಂದಿದೆ.

ಜುಲೈ 8, ಸೋಮವಾರ

ಪತ್ರಿಕೆ ಓದುವಾಗ ಒಂದು ಕಡೆ ನಿಲ್ಲಿಸಿ ನೋಡಿದೆ, ಕೇಳುತ್ತಿದ್ದಾಳೋ ಇಲ್ಲವೋ ಎಂದು. ಇವಳು ಎಡಗಣ್ಣನ್ನು ನನ್ನ ಕಡೆ ತಿರುಗಿಸಿ, ತಲೆಯನ್ನು ಸ್ವಲ್ಪ ಓರೆ ಮಾಡಿ ಕೂತಿದ್ದಳು. ಹೀಗೆ ಕೂರುವುದು ಅವಳ ಅಭ್ಯಾಸ, ಅಹಂಕಾರದ ಹಾಗೆ ಕಾಣುತ್ತದೆ ಎಂದು ನಾನೇ ಎಷ್ಟೋ ಸಲ ಹಾಸ್ಯ ಮಾಡಿದ್ದೇನೆ. ನನ್ನ ಮುಖ ಆ ತೂತಿನೊಳಗೆ ಬರಲಿ ಎಂದು ತಲೆ ಓರೆ ಮಾಡುತ್ತಿದ್ದಳು.

ಮುಂದಕ್ಕೆ ಓದಲು ಸ್ವಲ್ಪ ಹೊತ್ತು ಹಿಡಿಯಿತು. "ಏನು, ಅಚ್ಚಿನ ತಪ್ಪಾ?" ಅಂದಳು. ಹೌದು ಎಂದೆ.

ಜುಲೈ 15, ಸೋಮವಾರ

ಪ್ಲಾಸ್ಟರ್ ಬಿಚ್ಚಿದರು. ಬಂದವಳೇ ಚಹಾ ಮಾಡಿದಳು. ಸಕ್ಕರೆ ಸರಿಯಾಗಿತ್ತು. ಭಾನುವಾರ ಮಗಳು ಬರುತ್ತಾಳೆ. ಟಿಕೆಟ್ ಮಾಡಿಸಿದ್ದಾಳೆ: ಬರುವುದಕ್ಕೆ ಒಂದು, ಹೋಗುವುದಕ್ಕೆ ಎರಡು.

ಇವಳು ಬ್ಯಾಗಿಗೆ ನಾಲ್ಕು ಸೀರೆ ಹಾಕಿದಳು. ಬೇಡ ಎನ್ನುವ ಹಕ್ಕು ನನಗೆಲ್ಲಿದೆ?

ಜುಲೈ 21, ಭಾನುವಾರ

ಮಗಳು ಹತ್ತು ಗಂಟೆಗೆ ಬಂದಳು. ಬಾಗಿಲಲ್ಲೇ ತಾಯಿಯನ್ನು ಅಪ್ಪಿಕೊಂಡು ಅತ್ತಳು. ನನ್ನನ್ನು ನೋಡಿ "ಅಪ್ಪ" ಅಂದಳು, ಅಷ್ಟೇ.

ಇವಳು ಚಹಾ ತರುತ್ತೇನೆ ಎಂದು ಎದ್ದಳು. ಮಗಳು "ಅಯ್ಯೋ, ನೀನ್ಯಾಕೆ?" ಎಂದು ಹಿಂದೆಯೇ ಓಡಿದಳು. ನಾನು ಹಾಲಿನಿಂದಲೇ ನೋಡುತ್ತಿದ್ದೆ. ಮಗಳು ತಾಯಿಯ ಕೈಯಿಂದ ಸೌಟು ತೆಗೆದುಕೊಂಡಳು, ಪಾತ್ರೆ ತೆಗೆದುಕೊಂಡಳು, ಎರಡು ರಬ್ಬರ್ ಬ್ಯಾಂಡಿನ ಸಕ್ಕರೆ ಬಾಟಲಿಯನ್ನು ಬಳಸಿ ಬೇರೆ ಕಡೆ ಇಟ್ಟಳು. ಇವಳು ಕೈ ಚಾಚಿದರೆ ಏನೂ ಸಿಗುತ್ತಿಲ್ಲ. ಮುಖ ಸಣ್ಣದಾಯಿತು.

"ಬಾ, ನಾನು ಕೂರಿಸ್ತೀನಿ" ಎಂದು ಮಗಳು ತೋಳು ಹಿಡಿದು ಕರೆತಂದಳು. ಬಿಡು ಎಂದು ನಾನು ಬಾಯಿ ತೆರೆಯುವುದರೊಳಗೆ ಆಗಿಹೋಯಿತು. ಹಿಡಿದು ಎಳೆದದ್ದಕ್ಕೆ ಇವಳ ಹೆಜ್ಜೆಯ ಎಣಿಕೆ ತಪ್ಪಿತು, ಯಂತ್ರದ ಮೇಲೆ ಕೈ ಆಡಿಸಲಾಗಲಿಲ್ಲ, ಒಂದು ಬದಿಗೆ ವಾಲಿ ಗೋಡೆಯ ಕಪಾಟಿನ ಮೂಲೆಗೆ ಹಣೆ ಬಡಿಯಿತು. ದೊಡ್ಡ ಸದ್ದು. ಒಂದು ತಿಂಗಳಿಂದ ಒಂದು ಸಲವೂ ತಾಗದಿದ್ದ ಕಪಾಟು.

ಮಗಳು ಬೆಪ್ಪಾಗಿ ನಿಂತಳು. ತೋಳು ಇನ್ನೂ ಅವಳ ಕೈಯಲ್ಲೇ ಇತ್ತು.

"ಬಿಡು ಮಗಾ" ಅಂದಳು ಇವಳು. ಹಣೆ ಉಜ್ಜಿಕೊಂಡಳು. "ನೀನು ಹಿಡ್ಕೊಂಡ್ರೆ ನನ್ನ ಕಾಲು ನನ್ನ ಮಾತು ಕೇಳಲ್ಲ ಕಣೇ."

ಆಮೇಲೆ ಬೆನ್ನು ತಿರುಗಿಸಿ ಅಡುಗೆ ಮನೆಗೆ ಹೋದಳು. ಮತ್ತೆ ಮೊದಲಿಂದ ಬಂದಳು. ಯಂತ್ರ, ಸ್ಟೂಲು, ಮೇಜಿನ ಮೂಲೆ. ಬಂದು ಕುರ್ಚಿಯಲ್ಲಿ ಕೂತಳು. ಒಂದು ಕಡೆಯೂ ತಡವರಿಸಲಿಲ್ಲ.

ಮಗಳು ಕೆಳಗೆ ಕೂತು ತಾಯಿಯ ಮಡಿಲಿಗೆ ತಲೆ ಇಟ್ಟಳು. "ನಮ್ಮನೇಲಿ ನಿನಗೆ ಯಾವುದೂ ಗೊತ್ತಿಲ್ಲ ಅಲ್ವಾ ಅಮ್ಮ?"

"ನಾಲ್ಕು ದಿನ ಬರ್ತೀನಿ. ಮೊಮ್ಮಕ್ಕಳನ್ನ ನೋಡ್ಕೊಂಡು, ಇನ್ನೂ ಕಾಣ್ತಿರೋವಾಗ. ಇರೋದಕ್ಕಲ್ಲ."

ಮಗಳು ನನ್ನ ಕಡೆ ತಿರುಗಿದಳು. "ಅಪ್ಪ, ನೀವು ನೋಡ್ಕೋತೀರಾ?"

ನಾನು ಉತ್ತರಿಸುವ ಮೊದಲೇ ಇವಳೇ ಅಂದಳು: "ಅವರು ನನ್ನ ನೋಡ್ಕೊಳ್ಳೋದೇನೂ ಬೇಡ. ತೆಗೆದದ್ದನ್ನ ತೆಗೆದ ಜಾಗದಲ್ಲಿ ಇಟ್ರೆ ಸಾಕು."

ಜುಲೈ 30, ಮಂಗಳವಾರ

ನಾನೂ ಒಂದು ಟಿಕೆಟ್ ಮಾಡಿಸಿ ಜೊತೆಗೆ ಹೋಗಿದ್ದೆ. ನಾಲ್ಕು ದಿನ ಮಗಳ ಮನೆಯಲ್ಲಿದ್ದು ಇಬ್ಬರೂ ಬಂದೆವು. ಇವತ್ತು ಕಣ್ಣಿನ ಪರೀಕ್ಷೆ. ಒತ್ತಡ ಇಳಿದಿದೆ. ನೋಟ ಇದ್ದಷ್ಟು ಇದೆ.

ಆಗಸ್ಟ್ 4, ಭಾನುವಾರ

ಡಿಪೋದ ಟೈರ್ ಮೇಸ್ತ್ರಿ ಬಂದಿದ್ದ. ಆಳು ಆರಡಿ, ದನಿ ಅದಕ್ಕಿಂತ ದೊಡ್ಡದು. ಒಳಗೆ ಬಂದವನೇ ಸುತ್ತಲೂ ನೋಡಿದ.

"ಏನ್ರೀ ಸ್ಟೋರು! ರಿಟೈರಾಗಿ ತಿಂಗಳೊಳಗೆ ಮನೇನ ಅರಮನೆ ಮಾಡ್ತೀನಿ ಅಂತ ಫೋನಿನಲ್ಲೇ ಡಿಪೋ ತುಂಬಾ ಡಂಗುರ ಹೊಡೆದ್ರಿ. ಗೋಡೆ ಬಣ್ಣ ಒಂದು ಬಿಟ್ರೆ ಒಂದು ಸ್ಟೂಲೂ ಅಲ್ಲಾಡಿಲ್ಲವಲ್ಲ!"

"ಇಲ್ಲ" ಅಂದೆ.

"ಸೋಮಾರಿ ಆಗ್ಬಿಟ್ರಿ."

"ಆಗ್ಬಿಟ್ಟೆ."

ಅಡುಗೆ ಮನೆಯಲ್ಲಿ ತಟ್ಟೆಯ ಮೇಲೆ ಲೋಟ ಇಟ್ಟ ಸದ್ದಾಯ್ತು. ಮೇಸ್ತ್ರಿ ಕುರ್ಚಿಯಲ್ಲಿ ಒರಗಿ ಕಾಲು ಉದ್ದಕ್ಕೆ ಚಾಚಿದ್ದ. "ಕಾಲು ಸ್ವಲ್ಪ ಒಳಗೆ ಎಳ್ಕೊಳ್ಳಿ" ಅಂದೆ. ಯಾಕೆಂದು ಕೇಳದೆ ಎಳೆದುಕೊಂಡ, ಮಾತು ಮುಂದುವರಿಸಿದ. ಹೊಸ ಸ್ಟೋರಿನವನಿಗೆ ಒಂದು ವಾಷರೂ ಸಿಗುವುದಿಲ್ಲವಂತೆ.

ಇವಳು ಎರಡು ಲೋಟದ ತಟ್ಟೆ ಹಿಡಿದು ಬಂದಳು. ತಿರುವಿನಲ್ಲಿ ತಟ್ಟೆ ಸ್ವಲ್ಪ ವಾಲಿತು. ನನ್ನ ಎರಡೂ ಕೈ ಕುರ್ಚಿಯ ತೋಳಿನ ಮೇಲಿತ್ತು. ಏಳಲಿಲ್ಲ. ತಟ್ಟೆ ನೆಟ್ಟಗಾಯಿತು. ಮೇಸ್ತ್ರಿಯ ಮುಂದೆ ಒಂದು ಲೋಟ ಇಟ್ಟಳು, ನನ್ನ ಮುಂದೆ ಒಂದು. "ಬಿಸಿ ಇದೆ, ನೋಡ್ಕೊಂಡು ಕುಡೀರಿ" ಅಂದು, ಅವನ ಹೆಂಡತಿ ಮಕ್ಕಳನ್ನೆಲ್ಲ ವಿಚಾರಿಸಿ, ತಲೆಯನ್ನು ಸ್ವಲ್ಪ ಓರೆ ಮಾಡಿ ನಕ್ಕು, ಒಳಗೆ ಹೋದಳು.

ಮೇಸ್ತ್ರಿ ಒಂದು ಗಂಟೆ ಕೂತಿದ್ದ. ಅವನಿಗೂ ಏನೂ ಗೊತ್ತಾಗಲಿಲ್ಲ.